ವಾಯುಭಾರ ಎಷ್ಟು ಕುಸಿಯಿತು ಎಂಬುದೂ ಬರಲಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ಉಷ್ಣಾಂಶ, ತೇವಾಂಶ, ಮಳೆ ಎಲ್ಲವೂ ಅಂಕಿಗಳಲ್ಲಿ ಬರುತ್ತವೆ. ವಾಯುಭಾರದ ಸುದ್ದಿ ಮಾತ್ರ ‘ಕುಸಿತ’ ಎಂಬ ಒಂದೇ ಪದದಲ್ಲಿ ಮುಗಿಯುತ್ತದೆ. ದಯವಿಟ್ಟು ಅದನ್ನೂ ಹೆಕ್ಟೊಪಾಸ್ಕಲ್‌ನಲ್ಲಿ (ವಾಯುಭಾರದ ಮೆಟ್ರಿಕ್ ಮಾನ, ಅಂದರೆ ನೂರು ಪಾಸ್ಕಲ್) ಕೊಡಿ.

ಕಳೆದ ಜುಲೈಯಲ್ಲಿ, ಹತ್ತಿ ಬಿತ್ತಲು ಮಳೆ ಕಾಯುತ್ತಿದ್ದ ನಮ್ಮ ಓಣಿಯ ರೈತರೊಬ್ಬರು ಮೊಬೈಲ್ ಹಿಡಿದು ಬಂದರು. ‘ಸರ್, 29.6 ಅಂತ ತೋರಿಸಾಕತ್ತೈತಿ, ಬಿಸಿಲು ಇಳದಂಗಾತೇನ್ರಿ?’ ಎಂದರು. ಅದು ಉಷ್ಣಾಂಶವಾಗಿರಲಿಲ್ಲ, ವಾಯುಭಾರ. ಅಮೆರಿಕದ ರೂಢಿಯಂತೆ ಪಾದರಸದ ಅಂಗುಲಗಳಲ್ಲಿತ್ತು. ಸೆಟ್ಟಿಂಗ್ಸ್ ಬದಲಿಸಿದೆ, 1002 ಹೆಕ್ಟೊಪಾಸ್ಕಲ್ ಎಂದಾಯಿತು.

ಮರುದಿನ ಅದನ್ನೇ ತರಗತಿಯಲ್ಲಿ ಹೇಳಿದೆ. ನಮ್ಮ ಪ್ರಯೋಗಾಲಯದ ವಾಯುಭಾರ ಅಳೆಯುವ ನಳಿಗೆಯಲ್ಲಿ ಪಾದರಸ 72 ಸೆಂಟಿಮೀಟರಿಗೆ ನಿಂತಿತ್ತು, ಅಂದರೆ 960 ಹೆಕ್ಟೊಪಾಸ್ಕಲ್. ಪುಸ್ತಕದಲ್ಲಿ 76 ಸೆಂಟಿಮೀಟರ್ ಎಂದಿದೆ. ‘ಇದು ಕೆಟ್ಟೈತ್ರಿ ಸರ್’ ಎಂದರು ಮಕ್ಕಳು. ಕೆಟ್ಟಿರಲಿಲ್ಲ. ರಾಯಚೂರು ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ, ಅಷ್ಟು ಗಾಳಿಯ ಭಾರ ನಮ್ಮ ತಲೆಯ ಮೇಲೆ ಕಡಿಮೆ. ಮೊಬೈಲ್ ತೋರಿಸಿದ್ದು ಸಮುದ್ರಮಟ್ಟಕ್ಕೆ ಹೊಂದಿಸಿದ ಅಂಕಿ. ಇದನ್ನು ತಿಳಿಸಲು ನನಗೆ ಇಡೀ ಒಂದು ಪಿರಿಯಡ್ ಹಿಡಿಯಿತು. ಅಂಗುಲ, ಸೆಂಟಿಮೀಟರ್, ಮಿಲಿಬಾರ್ (ವಾಯುಭಾರದ ಹಳೆಯ ಮಾನ) ಎಂದು ಮೂರು ಲೆಕ್ಕ ಬೆರೆಯದೇ ಇದ್ದಿದ್ದರೆ ಹತ್ತು ನಿಮಿಷ ಸಾಕಿತ್ತು.

ಪಾಸ್ಕಲ್ ಎಂಬ ಹೆಸರು 1971ರಲ್ಲೇ ಅಂತರರಾಷ್ಟ್ರೀಯ ಮಾನ್ಯತೆ ಪಡೆಯಿತು. ಕೆನಡಾದವರು ಕಿಲೊಪಾಸ್ಕಲ್ ಬಳಸುತ್ತಾರೆ, ಅದೂ ಮೆಟ್ರಿಕ್ಕೇ. ಆದರೆ ನಮಗೆ ಹೆಕ್ಟೊಪಾಸ್ಕಲ್ಲೇ ಸರಿ ಎಂಬುದು ನನ್ನ ಅಭಿಪ್ರಾಯ. ಒಂದು ಹೆಕ್ಟೊಪಾಸ್ಕಲ್ ಎಂದರೆ ಒಂದು ಮಿಲಿಬಾರ್, ಹಳೆಯ ದಾಖಲೆಯ ಒಂದಂಕಿಯನ್ನೂ ತಿದ್ದಬೇಕಿಲ್ಲ. ಭಾರತೀಯ ಹವಾಮಾನ ಇಲಾಖೆಯೂ ಇದನ್ನೇ ಬಳಸುತ್ತದೆ. ಸೇರು, ಮಣಗಳನ್ನು ಬಿಟ್ಟು ಕ್ವಿಂಟಲ್‌ಗೆ ಒಗ್ಗಿಕೊಂಡ ನಮ್ಮ ಎಪಿಎಂಸಿಯ ರೈತರಿಗೆ ಇದೇನು ಭಾರವಾಗದು.

ಅಂಕಿ ಏಕೆ ಬೇಕೆಂದರೆ, 1999ರ ಒಡಿಶಾ ಚಂಡಮಾರುತದ ಕೇಂದ್ರದಲ್ಲಿ ವಾಯುಭಾರ 912ಕ್ಕೆ ಇಳಿದಿತ್ತು. ಸಾದಾ ವಾಯುಭಾರ ಕುಸಿತದಲ್ಲಿ ಸುತ್ತಲಿನದಕ್ಕಿಂತ ಕೆಲವೇ ಹೆಕ್ಟೊಪಾಸ್ಕಲ್ ಕಡಿಮೆ ಇರುತ್ತದೆ. ಬರೀ ‘ಕುಸಿತ’ ಎಂದು ಓದಿ, ಒಣಹಾಕಿದ ಭತ್ತವನ್ನು ರಾತ್ರೋರಾತ್ರಿ ಎತ್ತಿಡಬೇಕೋ ಬೇಡವೋ ಎಂದು ರೈತ ಅಳೆಯುವುದು ಹೇಗೆ?

ಅಂಕಿಯ ಪಕ್ಕದಲ್ಲಿ ‘ಸಮುದ್ರಮಟ್ಟಕ್ಕೆ’ ಎಂಬ ಪದವನ್ನೂ ಮರೆಯದೆ ಹಾಕಿ.

– ಪ್ರೌಢಶಾಲಾ ವಿಜ್ಞಾನ ಶಿಕ್ಷಕ, ರಾಯಚೂರು