ಕೊನೆ ಹೇಳಿಬಿಟ್ಟ ದೋಸ್ತನಿಗೆ ಒಂದು ಪತ್ರ

ದೋಸ್ತಾ,

ಕೊಂದವರು ಯಾರು ಅಂತ ಬಾಯಿ ತಪ್ಪಿ ಹೇಳಿಬಿಟ್ಟೆ, ಸಾರಿ ಅಂತ ಮೆಸೇಜು ಹಾಕಿದ್ದೀಯಲ್ಲ. ಸಾರಿ ಗೀರಿ ಏನೂ ಬೇಡ. ನೀನು ಹೇಳಿದ ಮೇಲೂ ನಾನು ‘ದಿ ಸೈಲೆಂಟ್ ಪೇಷಂಟ್’ ಓದಿ ಮುಗಿಸಿದೆ. ಖರೇ ಹೇಳಬೇಕೆಂದರೆ, ಮೊದಲೇ ಗೊತ್ತಿದ್ದರಿಂದ ಅದರ ಹುಳುಕು ಬೇಗ ಕಂಡಿತು. ಕೊನೆ ಗೊತ್ತಾದ ಕೂಡಲೇ ಕೈಬಿಡುವಂಥ ಪುಸ್ತಕ ಮೊದಲಿನಿಂದಲೂ ಅಷ್ಟಕ್ಕಷ್ಟೇ ಅಂತ ನನ್ನ ಲೆಕ್ಕ.

ಇದು 2019ರ ಪುಸ್ತಕ, ಅಲೆಕ್ಸ್ ಮೈಕೆಲಿಡಿಸ್ ಬರೆದದ್ದು. ಗಂಡನಿಗೆ ಐದು ಗುಂಡು ಹೊಡೆದು ಆಮೇಲೆ ಒಂದು ಮಾತೂ ಆಡದ ಚಿತ್ರಕಲಾವಿದೆ. ಅವಳ ಬಾಯಿ ಬಿಡಿಸುತ್ತೇನೆ ಅಂತ ಹಟ ಹಿಡಿದು ಬರುವ ಮನೋಚಿಕಿತ್ಸಕ. ಶುರು ಜಬರ್ದಸ್ತ್ ಇದೆ, ಇಲ್ಲ ಅನ್ನೋದಿಲ್ಲ. ಆದರೆ ಅದರ ತಿರುವು ನಿಂತಿರುವುದು ಯಾರ ಮನಸ್ಸಿನ ಮೇಲೂ ಅಲ್ಲ, ಕ್ಯಾಲೆಂಡರಿನ ಮೇಲೆ. ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ ಅನ್ನೋದನ್ನು ಲೇಖಕ ನಮ್ಮಿಂದ ಬಚ್ಚಿಡುತ್ತಾನೆ. ಪಾತ್ರ ತನ್ನ ಹೆದರಿಕೆಯಿಂದ ಏನನ್ನೋ ಮುಚ್ಚಿಟ್ಟರೆ ನಾನು ಒಪ್ಪುತ್ತೇನೆ. ಲೇಖಕನೇ ಮುಚ್ಚಿಟ್ಟು ಕೊನೆಗೆ ‘ಹೆಂಗೆ?’ ಅಂತ ಕೇಳಿದರೆ ಸಿಟ್ಟು ಬರುತ್ತದೆ.

ಮುಂದಿನ ಪ್ಯಾರಾ ನಿನಗೆ ಮಾತ್ರ. ಅಗಾಥಾ ಕ್ರಿಸ್ಟಿಯ ‘ದಿ ಮರ್ಡರ್ ಆಫ್ ರೋಜರ್ ಅಕ್ರಾಯ್ಡ್’ ಓದದವರು ಯಾರಾದರೂ ಈ ಪತ್ರ ನೋಡುತ್ತಿದ್ದರೆ ಅದನ್ನು ಹಾರಿಸಿ ಮುಂದೆ ಹೋಗಲಿ.

ಅದು 1926ರ ಪುಸ್ತಕ. ಅಲ್ಲಿ ಕತೆ ಹೇಳುವ ಡಾಕ್ಟರನೇ ಕೊಲೆಗಾರ. ಅವನ ಗೆಳೆಯ ಅಕ್ರಾಯ್ಡ್ ಕೊಲೆಯಾದ ರಾತ್ರಿಯ ಪುಟ ತೆಗೆದು ಮತ್ತೊಮ್ಮೆ ಓದು. ಎಂಟೂ ನಲವತ್ತಕ್ಕೆ ಆಳು ಟಪಾಲು ತಂದುಕೊಡುತ್ತಾನೆ. ಎಂಟೂ ಐವತ್ತಕ್ಕೆ ಡಾಕ್ಟರು ಎದ್ದು ಹೊರಡುತ್ತಾನೆ. ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟು ಹಿಂದೆ ತಿರುಗಿ, ಏನಾದರೂ ಮಾಡುವುದು ಉಳಿಯಿತಾ ಅಂತ ಒಂದು ಸಲ ನೋಡುತ್ತಾನೆ. ಅಷ್ಟೇ. ನಡುವಿನ ಹತ್ತು ನಿಮಿಷದ ಬಗ್ಗೆ ಚಕಾರ ಇಲ್ಲ. ಮೊದಲ ಸಲ ಓದುವಾಗ ಪಾಪ, ಗೆಳೆಯನ ಚಿಂತೆ ಈ ಮನುಷ್ಯನಿಗೆ ಅನ್ನಿಸುತ್ತದೆ. ಎರಡನೇ ಸಲ ಓದಿದಾಗ ಮೈ ಜುಂ ಅನ್ನುತ್ತದೆ. ಅವನು ಸುಳ್ಳು ಹೇಳಿಯೇ ಇಲ್ಲ! ಬೇಡದ್ದನ್ನು ಬಿಟ್ಟಿದ್ದಾನೆ. ತಪ್ಪು ಮಾಡಿದ ಮನುಷ್ಯ ಮಾತಾಡುವುದೇ ಹಾಗೆ, ಅಲ್ವಾ?

ಇದು ಮೋಸ ಅಂತ ಆಗ ಎಷ್ಟೋ ಮಂದಿ ಗಲಾಟೆ ಮಾಡಿದ್ದರು. ಅದಾಗಿ ಮೂರು ವರ್ಷಕ್ಕೆ, 1929ರಲ್ಲಿ, ರೊನಾಲ್ಡ್ ನಾಕ್ಸ್ ಅನ್ನುವ ಪಾದ್ರಿ ಪತ್ತೇದಾರಿ ಕತೆಗೆ ಹತ್ತು ನಿಯಮ ಬರೆದ. ದೆವ್ವ ಭೂತ ತರಬಾರದು. ಓದುಗರಿಗೆ ಸುಳಿವು ಕೊಡದೆ ಅವಳಿ ಜವಳಿ ತಂದು ನಿಲ್ಲಿಸಬಾರದು. ಪತ್ತೇದಾರನ ಜೊತೆಗಿರುವ ಗೆಳೆಯ ತನ್ನ ಮನಸ್ಸಿಗೆ ಬಂದದ್ದನ್ನು ಮುಚ್ಚಿಡಬಾರದು. ಗುಪ್ತ ಕೋಣೆಯೋ ಸುರಂಗವೋ ಒಂದಕ್ಕಿಂತ ಜಾಸ್ತಿ ಇರಬಾರದು. ಈ ಕೊನೆಯದನ್ನು ಓದಿ ನಗು ಬಂತು. ನಮ್ಮ ಕಡೆ ಹಿರಿಯರ ಮಾತು ನಂಬಿದರೆ ಕಲಬುರಗಿ ಕೋಟೆಯಿಂದ ಬೀದರ ಕೋಟೆಯ ತನಕ ಎಲ್ಲೆಲ್ಲೂ ಸುರಂಗಗಳೇ. ನಾಕ್ಸ್ ಸಾಹೇಬರು ಇಲ್ಲಿಗೆ ಬಂದಿದ್ದರೆ ಪೆನ್ನು ಕೆಳಗಿಡುತ್ತಿದ್ದರು.

ನೀನು ಮೆಟ್ರೊದಲ್ಲಿ ನಿಂತು ಓದುತ್ತೀ, ನಾನು ಅಂಗಡಿಯಲ್ಲಿ ಕೂತು. ಮೇ ತಿಂಗಳ ಇಲ್ಲಿನ ಮಧ್ಯಾಹ್ನ ನಿನಗೆ ಹೇಳಬೇಕಾ? ಊಟದ ಹೊತ್ತಿಗೆ ಸೂಪರ್ ಮಾರ್ಕೆಟ್ ಕಡೆಯ ರಸ್ತೆ ಖಾಲಿ. ಕರೆಂಟು ಹೋದರೆ ಮೆಡಿಕಲ್ ಶಾಪಿನಲ್ಲಿ ಫ್ರಿಜ್ಜಿನ ಇನ್ಸುಲಿನ್ ಕಾಯುವುದೊಂದೇ ಕೆಲಸ. ಆಗ ಪುಸ್ತಕ ತೆಗೆಯುತ್ತೇನೆ. ಔಷಧಿ ಮಾರುವವನಿಗೆ ಥ್ರಿಲ್ಲರ್ ಓದುವುದು ಸುಲಭ ಅಲ್ಲ ಮಾರಾಯ. ಮೂಗಿಗೆ ಕ್ಲೋರೋಫಾರಂ ಕರವಸ್ತ್ರ ಹಿಡಿದ ಕೂಡಲೇ ಧಡೂತಿ ಆಸಾಮಿ ದಪ್ಪನೆ ಬೀಳುತ್ತಾನೆ ಅಂತ ಬರೆಯುತ್ತಾರಲ್ಲ, ಹಾಗೆಲ್ಲ ಆಗುವುದಿಲ್ಲ. ನಿಮಿಷಗಟ್ಟಲೆ ಬೇಕು. ಅಷ್ಟರೊಳಗೆ ಅವನು ಕೂಗಿ ಓಣಿಯ ಮಂದಿಯನ್ನೆಲ್ಲ ಕೂಡಿಸಿರುತ್ತಾನೆ.

ಈ ವಿಷಯದಲ್ಲಿ ಕ್ರಿಸ್ಟಿಗೆ ಸಲಾಂ ಹೊಡೆಯಬೇಕು. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ದುಡಿದ ಹೆಂಗಸು ಆಕೆ. 1920ರ ಅವರ ಮೊದಲ ಕಾದಂಬರಿಯಲ್ಲೇ ವಿಷದ ಸಂಗತಿ ಎಷ್ಟು ಕರಾರುವಾಕ್ಕಾಗಿತ್ತು ಅಂದರೆ, ಔಷಧಿ ವೃತ್ತಿಯವರ ಪತ್ರಿಕೆಯೇ ಮೆಚ್ಚಿ ಬರೆಯಿತು. ಅಲ್ಲಿನ ಕೊಲೆ ನಿಂತಿರುವುದು ಟಾನಿಕ್ ಬಾಟಲಿಯ ತಳದಲ್ಲಿ ಕೂತ ಗಸಿಯ ಮೇಲೆ. ‘ಚೆನ್ನಾಗಿ ಅಲ್ಲಾಡಿಸಿ ಕುಡಿಯಿರಿ’ ಅಂತ ದಿನಾ ಹೇಳಿ ಹೇಳಿ ಬಾಯಿ ನೋಯಿಸಿಕೊಳ್ಳುವ ನನಗೆ ಅದನ್ನು ಓದಿದಾಗ ಆದ ಖುಷಿ ನಿನಗೆ ಅರ್ಥ ಆಗುವುದಿಲ್ಲ ಬಿಡು.

ಕ್ಲೋರೋಫಾರಂ ಸುಳ್ಳನ್ನಾದರೂ ಮಾಫ್ ಮಾಡಬಹುದು. ಮಾಫ್ ಮಾಡಲಾಗದ್ದು ಇನ್ನೊಂದಿದೆ. ಮುನ್ನೂರು ಪುಟ ಕಾಯಿಸಿ ಕೊನೆಗೆ ‘ಅವನಿಗೆ ತಲೆ ಸರಿ ಇರಲಿಲ್ಲ’ ಅಂತ ಮುಗಿಸುವವರು. ಹೆಸರು ಸೈಕಲಾಜಿಕಲ್ ಥ್ರಿಲ್ಲರ್, ಒಳಗೆ ಸೈಕಾಲಜಿಯೇ ಇಲ್ಲ. ನನ್ನ ಅಂಗಡಿಗೂ ಮನೋರೋಗದ ಗುಳಗಿ ಒಯ್ಯುವವರು ಬರುತ್ತಾರೆ. ಗಿರಾಕಿಗಳೆಲ್ಲ ಹೋಗುವ ತನಕ ಬದಿಗೆ ನಿಂತಿರುತ್ತಾರೆ. ಡಾಕ್ಟರ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕೈಗಿಡುತ್ತಾರೆ. ಒಳಗೇನಿದೆ ಅಂತ ಕಾಣದ ಹಾಗೆ ಕಾಗದದ ಕವರು ಕೇಳುತ್ತಾರೆ. ಕೆಲವರು ದುಡ್ಡು ಎಣಿಸಿಕೊಂಡು ‘ಸದ್ಯ ಹತ್ತು ದಿನದ್ದು ಸಾಕು’ ಅನ್ನುತ್ತಾರೆ. ಇವರು ಯಾರನ್ನೂ ಕೊಲ್ಲುವವರಲ್ಲ. ಓಣಿಯ ಮಂದಿಯ ಬಾಯಿಗೆ ಹೆದರಿದವರು. ಆ ಹೆದರಿಕೆಯ ಬಗ್ಗೆ ಯಾರಾದರೂ ಥ್ರಿಲ್ಲರ್ ಬರೆದರೆ ಮೊದಲ ಪ್ರತಿ ನಾನೇ ಕೊಳ್ಳುತ್ತೇನೆ.

‘ಗಾನ್ ಗರ್ಲ್’ ನಿನಗೆ ಹಿಡಿಸಲಿಲ್ಲ, ಗಂಡ ಹೆಂಡತಿ ಇಬ್ಬರೂ ಕೆಟ್ಟವರು ಅಂದಿದ್ದೆ. ಹೌದು, ಕೆಟ್ಟವರೇ. ಆದರೆ ಗಿಲಿಯನ್ ಫ್ಲಿನ್ 2012ರಲ್ಲಿ ಮಾಡಿದ ಕೆಲಸ ನೋಡು. ದೊಡ್ಡ ಗುಟ್ಟನ್ನು ಕೊನೆಗೆ ಇಟ್ಟುಕೊಳ್ಳಲೇ ಇಲ್ಲ, ಪುಸ್ತಕದ ನಡುವಿನಲ್ಲೇ ಬಿಚ್ಚಿಟ್ಟರು. ಆಮೇಲೆ ಇನ್ನೂ ಅರ್ಧ ಪುಸ್ತಕ ಇದೆ, ಆ ಅರ್ಧವೇ ಹೆಚ್ಚು ಹೆದರಿಸುತ್ತದೆ. ಇಬ್ಬರ ಬಣ್ಣವೂ ಬಯಲಾದ ಮೇಲೆ ಒಂದೇ ಮನೆಯಲ್ಲಿ ಹೇಗಿರುತ್ತಾರೆ ಅನ್ನುವ ಪ್ರಶ್ನೆ ಅದು. ಅದರ ನಂತರ ‘ಗರ್ಲ್’ ಅಂತ ಹೆಸರಿಟ್ಟುಕೊಂಡು ಬಂದ ಪುಸ್ತಕಗಳ ಸಾಲಿನಲ್ಲಿ ಹೆಚ್ಚಿನವನ್ನು ನಾನು ಅರ್ಧಕ್ಕೇ ಬಿಟ್ಟೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಜಪಾನಿನ ಕೇಗೊ ಹಿಗಾಶಿನೊ ಬರೆದ ‘ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್’. ಮೂಲ 2005ರದ್ದು, ನಾನು ಇಂಗ್ಲಿಷಿನಲ್ಲಿ ಓದಿದೆ. ಕೊಲೆ ಶುರುವಿನಲ್ಲೇ ನಮ್ಮ ಕಣ್ಣೆದುರಿಗೆ ಆಗಿಬಿಡುತ್ತದೆ. ಯಾರು, ಯಾಕೆ, ಹೇಗೆ ಎಲ್ಲಾ ಗೊತ್ತು. ಕಾಡಲು ಬಂದ ಮಾಜಿ ಗಂಡನನ್ನು ಒಬ್ಬ ತಾಯಿ ಕೊಂದಿದ್ದಾಳೆ. ಪಕ್ಕದ ಮನೆಯ ಗಣಿತದ ಮೇಷ್ಟ್ರು ಅವಳನ್ನು ಉಳಿಸಲು ನಿಲ್ಲುತ್ತಾನೆ. ಅವಳು ಡಬ್ಬಿ ಊಟದ ಅಂಗಡಿಯಲ್ಲಿ ಕೆಲಸ ಮಾಡುವವಳು. ಅವಳ ಮುಖ ನೋಡಲಿಕ್ಕೆ ಈತ ದಿನಾ ಅಲ್ಲೇ ಊಟ ಕಟ್ಟಿಸಿಕೊಳ್ಳುತ್ತಾನೆ, ಬಾಯಿಬಿಟ್ಟು ಒಂದು ಮಾತೂ ಹೇಳುವುದಿಲ್ಲ. ಇಂಥವರು ನಮ್ಮ ಖಾನಾವಳಿಗಳಲ್ಲೂ ಇದ್ದಾರೆ, ಮೂಲೆಯ ಮೇಜಿನಲ್ಲಿ, ತಲೆ ಬಗ್ಗಿಸಿ ರೊಟ್ಟಿ ಮುರಿಯುತ್ತಾ. ಕೊನೆಗೊಂದು ಗುಟ್ಟು ಇದರಲ್ಲೂ ಇದೆ. ಆದರೆ ಅದು ಗೊತ್ತಾದಾಗ ಲೇಖಕನ ಜಾಣತನ ನೆನಪಿಗೆ ಬರುವುದಿಲ್ಲ. ಆ ಮೇಷ್ಟ್ರ ಬಗ್ಗೆ ಹೊಟ್ಟೆ ಚುರ್ ಅನ್ನುತ್ತದೆ.

ಕನ್ನಡದಲ್ಲಿ ಏನಿದೆ ಅಂತ ಕೇಳಿದ್ದೆ. ಎನ್. ನರಸಿಂಹಯ್ಯನವರನ್ನು ಇವತ್ತಿನ ಹುಡುಗರು ಮರೆತಿದ್ದಾರೆ. 500ಕ್ಕೂ ಹೆಚ್ಚು ಕಾದಂಬರಿ ಬರೆದವರು. ಪತ್ತೇದಾರ ಪುರುಷೋತ್ತಮ, ಮಧುಸೂದನ ಇವರನ್ನೆಲ್ಲ ಮಂದಿ ಬಾಡಿಗೆಗೆ ತಂದು ಓದುತ್ತಿದ್ದರು. ಕನ್ನಡ ಓದುವ ಚಟ ಹತ್ತಿಸಿದ್ದೇ ಆ ಪುಸ್ತಕಗಳು ಅನ್ನುವವರು ಈಗಲೂ ಸಿಗುತ್ತಾರೆ. ಅವುಗಳಲ್ಲಿ ಓಟ ಇದೆ, ಗುದ್ದಾಟ ಇದೆ. ಮನಸ್ಸಿನೊಳಗೆ ಇಳಿಯುವ ಪುರುಸೊತ್ತು ಪುರುಷೋತ್ತಮನಿಗೆ ಇರಲಿಲ್ಲ, ಅಷ್ಟೇ.

ಒಳಗೆ ಇಳಿದದ್ದು ಬೇಕಾದರೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ತೆಗೆ. 2013ರದ್ದು. ಅದನ್ನು ಥ್ರಿಲ್ಲರ್ ಅಂತ ಯಾರೂ ಕರೆಯುವುದಿಲ್ಲ, ನಾನು ಕರೆಯುತ್ತೇನೆ. ಮಸಾಲೆ ವ್ಯಾಪಾರದಿಂದ ದಿಢೀರ್ ದುಡ್ಡು ಕಂಡ ಒಂದು ಮನೆ. ಹಿಂದೆ ಬಡವರಾಗಿದ್ದಾಗ ಅದೇ ಮನೆಯವರು ಇರುವೆಗಳನ್ನು ಹುಡುಕಿ ಹುಡುಕಿ ಕೊಲ್ಲುತ್ತಿದ್ದರು. ಆ ಪುಟಗಳನ್ನು ಓದುವಾಗ ಇದ್ಯಾಕೆ ಇಷ್ಟು ಉದ್ದ ಅನ್ನಿಸುತ್ತದೆ. ಕೊನೆಗೆ ಬಂದಾಗ ಯಾಕೆ ಅಂತ ತಿಳಿಯುತ್ತದೆ. ತವರಿಗೆ, ಹೈದರಾಬಾದಿಗೆ ಹೋದ ಹೆಂಡತಿಯ ಸುದ್ದಿ ಇಲ್ಲ. ಗಂಡ ಕಾಫಿ ಹೌಸಿನಲ್ಲಿ ಕೂತಿದ್ದಾನೆ. ನಮ್ಮೂರಿನವರಿಗೆ ಹೈದರಾಬಾದು ಅಂದರೆ ಆಸ್ಪತ್ರೆಗೆ, ಮದುವೆ ಜವಳಿಗೆ ಹೋಗಿ ಬರುವ ಜಾಗ. ಅಲ್ಲಿಗೆ ಹೋದ ಹೆಣ್ಣುಮಗಳು ಯಾಕೆ ವಾಪಸ್ ಬರಲಿಲ್ಲ ಅಂತ ನಾನು ಪುಸ್ತಕ ಮುಚ್ಚಿ ಶಟರು ಎಳೆಯುವಾಗಲೂ ಯೋಚಿಸುತ್ತಿದ್ದೆ. ಏನಾಯಿತು ಅಂತ ಶಾನಭಾಗರು ಹೇಳಿಲ್ಲ. ಹಾಗಾಗಿ ಇದರ ಕೊನೆಯನ್ನು ನೀನು ಬಾಯಿ ತಪ್ಪಿ ಹೇಳಲಿಕ್ಕೂ ಬರುವುದಿಲ್ಲ.

ರಜೆಗೆ ಬರುವಾಗ ಅವೆನ್ಯೂ ರೋಡಿನ ಹಳೇ ಪುಸ್ತಕದವರ ಹತ್ತಿರ ನರಸಿಂಹಯ್ಯನವರವೂ ಟಿ.ಕೆ. ರಾಮರಾಯರವೂ ಯಾವುದು ಸಿಕ್ಕರೂ ಕಟ್ಟಿಸಿಕೊಂಡು ಬಾ. ರಟ್ಟು ಹರಿದಿದ್ದರೂ ನಡೆಯುತ್ತದೆ, ಕೊನೆಯ ಪುಟ ಇಲ್ಲದಿದ್ದರೂ ನಡೆಯುತ್ತದೆ. ದುಡ್ಡು ಇಲ್ಲಿ ಬಂದ ಮೇಲೆ ಕೊಡುತ್ತೇನೆ. ಅವ್ವನಿಗೆ ಬಿ.ಪಿ. ಗುಳಗಿ ತಪ್ಪಿಸಬೇಡ ಅಂತ ಹೇಳು.

ನಿನ್ನ ದೋಸ್ತ,
ಕಲಬುರಗಿ