ಹಳೆಯ ಪಟದ ಬೆನ್ನು ಮೊದಲು ನೋಡಿ

ಮಾನ್ಯ ಸಂಪಾದಕರೇ,

ದಸರಾ ಹತ್ತಿರವಾದಂತೆ ಮನೆಮನೆಯ ಹಳೆಯ ಪಟಗಳು ಕಟ್ಟು ಹಾಕುವ ಅಂಗಡಿ ಸೇರುತ್ತವೆ. ಮುತ್ತಜ್ಜನ ಕಾಲದ ರಾಮಪಟ್ಟಾಭಿಷೇಕ ಹೊಸ ಗಾಜು, ಹೊಸ ಚೌಕಟ್ಟಿನಲ್ಲಿ ಮರಳಿ ಬರುತ್ತದೆ. ಹಿಂಬದಿಯ ಹಲಗೆ, ಮೊಳೆ, ಅಂಟಿಸಿದ್ದ ಚೀಟಿ ಮಾತ್ರ ಕಸಕ್ಕೆ ಹೋಗಿರುತ್ತವೆ. ಪಟ ಯಾವ ಕಾಲದ್ದೆಂದು ಪತ್ತೆಮಾಡಲು ಬೇಕಾದದ್ದು ಬಹುಪಾಲು ಅಲ್ಲೇ ಇರುತ್ತದೆ. ಅಂಗಡಿಗೆ ಕೊಡುವ ಮುನ್ನ ಮನೆಯವರೇ ಮಾಡಬಹುದಾದ ಕೆಲಸಗಳಿವೆ.

ಮೊದಲು ಅದು ಕೈಯಲ್ಲಿ ಬರೆದ ಚಿತ್ರವೋ ಅಚ್ಚೋ ನೋಡಿ. ಹತ್ತು ಪಟ್ಟು ಹಿಗ್ಗಿಸುವ ಮಸೂರ ಸಾಕು. ಸಾಲುಸಾಲಾಗಿ ಸಮ ಅಂತರದಲ್ಲಿ ಚುಕ್ಕೆ ಕಂಡರೆ ಸಾಮಾನ್ಯವಾಗಿ ಆಫ್‌ಸೆಟ್ ಮುದ್ರಣ. ಅಡ್ಡಾದಿಡ್ಡಿ ಚುಕ್ಕೆಗಳಾದರೆ ಕಲ್ಲಚ್ಚು. ರವಿವರ್ಮ ಪ್ರೆಸ್ 1894ರಲ್ಲಿ ಮುಂಬೈಯಲ್ಲಿ ಶುರುವಾಗಿ ಮುಂದೆ ಲೋಣಾವಳ ಬಳಿಯ ಮಳವಲಿಗೆ ಹೋಯಿತು. ಅದರ ಓಲಿಯೋಗ್ರಾಫ್‌ಗಳನ್ನೇ (ತೈಲಚಿತ್ರದಂತೆ ಕಾಣುವ ಬಣ್ಣದ ಕಲ್ಲಚ್ಚು) ಮೂಲಚಿತ್ರವೆಂದು ನಂಬಿದ ಮನೆಗಳು ಬಹಳ. ಅಚ್ಚಿನ ಮೇಲೆ ಜರಿ, ಮಣಿ ಅಂಟಿಸುವ ರೂಢಿಯೂ ಇತ್ತು. ಆದ್ದರಿಂದ ಮಸೂರವನ್ನು ಒಡವೆಯ ಮೇಲಲ್ಲ, ಕೆನ್ನೆ ಕೈಗಳ ಮೇಲೆ ಹಿಡಿಯಿರಿ. ಅಚ್ಚಾದರೂ ಬಿಸಾಡಬೇಡಿ, ಅದಕ್ಕೂ ಬೆಲೆಯಿದೆ.

ಕೈಯಲ್ಲಿ ಬರೆದದ್ದಾದರೆ ಕೋಣೆ ಕತ್ತಲು ಮಾಡಿ ಟಾರ್ಚನ್ನು ಪಟದ ಪಕ್ಕದಿಂದ ಓರೆಯಾಗಿ ಬಿಡಿ. ಚಿನ್ನದ ರೇಕಿನಡಿಯ ಉಬ್ಬು ದಪ್ಪಗಿದ್ದು ಗಾಜಿನ ಹರಳು ಕೂರಿಸಿದ್ದರೆ ತಂಜಾವೂರು ಶೈಲಿ. ಕುಸುರಿ ಸಣ್ಣದಾಗಿ, ಉಬ್ಬು ಬೆರಳಿಗೆ ತಾಕುವಷ್ಟೇ ಇದ್ದರೆ ಮೈಸೂರು ಶೈಲಿ. (ಬೆರಳು ಹಾಕಿ ನೋಡಬೇಡಿ, ಟಾರ್ಚ್ ಸಾಕು.) ಚಿನ್ನದ ಬಣ್ಣ ಕಂಡ ಕೂಡಲೇ ಎಲ್ಲವನ್ನೂ ತಂಜಾವೂರು ಎನ್ನುವ ಅಭ್ಯಾಸ ಮೈಸೂರಿನವರಿಗೇ ಇರುವುದು ಬೇಸರದ ಸಂಗತಿ.

ಮೈಸೂರು ಚಿತ್ರದ ಕಟ್ಟೋಣ ಪದರ ಪದರವಾಗಿದೆ. ಹಲಗೆಯ ಮೇಲೆ ಕಾಗದ ಇಲ್ಲವೇ ಬಟ್ಟೆ, ಅದರ ಮೇಲೆ ಹುಣಿಸೆ ಕಡ್ಡಿಯ ಇದ್ದಿಲಿನ ರೇಖೆ, ಆಮೇಲೆ ಹಿನ್ನೆಲೆಯ ಬಣ್ಣ. ಒಡವೆ, ಸೆರಗು, ಕಂಬಗಳಿಗೆ ಸೀಸದ ಬಿಳಿಪುಡಿ, ರೇವಲಚಿನ್ನಿ ಹಾಲು (ಮರದಿಂದ ಒಸರುವ ಹಳದಿ ರಾಳ) ಮತ್ತು ಅಂಟು ಕಲಸಿದ ಮಿಶ್ರಣದಿಂದ ಉಬ್ಬು ಕೆಲಸ, ಅದರ ಮೇಲೆ ಚಿನ್ನದ ರೇಕು. ತೊಂದರೆ ಹುಟ್ಟುವುದೂ ಈ ಪದರಗಳಿಂದಲೇ. ಮಳೆಗಾಲದಲ್ಲಿ ಹಲಗೆ ನಾರಿಗೆ ಅಡ್ಡವಾಗಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಗಟ್ಟಿಯಾದ ಉಬ್ಬಿಗೆ ಆ ಬಳುಕು ಇಲ್ಲ. ನಾರಿನ ಜಾಡಿನಲ್ಲೇ ಬಿರುಕು ಬಿಟ್ಟು ಹಕ್ಕಳೆ ಏಳುತ್ತದೆ. ಬಣ್ಣಕ್ಕೆ ಬೆರೆತಿರುವುದು ನೀರಿನಲ್ಲಿ ಕರಗುವ ಅಂಟು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮಸಿಯ ಜೊತೆ ಮುಖವೂ ಹೋಗುತ್ತದೆ. ಬಿಳಿಯ ಭಾಗ ಕಪ್ಪಾಗಿರುವುದೆಲ್ಲ ಕೊಳೆಯಲ್ಲ: ಸೀಸದ ಬಿಳುಪು ಗಾಳಿಯಲ್ಲಿನ ಗಂಧಕದ ಅನಿಲ ತಾಗಿ ಕಪ್ಪಾಗುತ್ತದೆ, ಎಷ್ಟು ಉಜ್ಜಿದರೂ ಬಿಡದು. ಸೀಸ, ಕೆಂಪಿಗೆ ಬಳಸುವ ಇಂಗಲೀಕ, ಹಳದಿಗೆ ಬಳಸುವ ಅರಿದಾಳ ಮೂರೂ ವಿಷ. ಉದುರಿದ ಪುಡಿಯನ್ನು ಊದಬೇಡಿ. ಇನ್ನು ಹಸಿರಿಗೆ ತಿರುಗಿದ ‘ಚಿನ್ನ’ ಚಿನ್ನವಲ್ಲ, ಬಹುಪಾಲು ಯಾರೋ ಆಮೇಲೆ ಬಳಿದ ಹಿತ್ತಾಳೆ ಪುಡಿ.

ಬೆನ್ನು ಬಿಚ್ಚುವ ಮೊದಲು ಗಾಜಿನ ಕಡೆಯಿಂದ ಪರೀಕ್ಷಿಸಿ. ಎಲ್ಲಾದರೂ ಒದ್ದೆಯಾದಂತೆ ಗಾಢವಾಗಿ ಕಂಡರೆ ಬಣ್ಣ ಗಾಜಿಗೆ ಅಂಟಿದೆ, ಬಿಚ್ಚಲೇಬೇಡಿ. ಇಲ್ಲವಾದರೆ ಪಟವನ್ನು ಮೆತ್ತನೆಯ ಬಟ್ಟೆಯ ಮೇಲೆ ಮಗುಚಿ, ಹಿಂಬದಿಯ ಫೋಟೊ ತೆಗೆದು, ಆಮೇಲೆ ಮೊಳೆ ಕೀಳಿ. ಚೀಟಿಯಲ್ಲಿ ‘ಮೈಸೂರು ರಾಜ್ಯ’ ಎಂದಿದ್ದರೆ ಅದು 1973ರ ನವೆಂಬರ್‌ಗಿಂತ ಹಿಂದೆ ಅಚ್ಚಾದದ್ದು. ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್‌ಗಿಂತ ಈಚಿನದು. ಒಳಗೆ ಹಚ್ಚಿದ ಹಳೆಯ ಪತ್ರಿಕೆಯ ತಾರೀಕನ್ನು ಬರೆದುಕೊಳ್ಳಿ. ಆದರೆ ಈ ಎಲ್ಲವೂ ಹೇಳುವುದು ಕಟ್ಟಿನ ವಯಸ್ಸನ್ನು. ಚಿತ್ರ ಅದಕ್ಕಿಂತ ಹಳೆಯದಿರಬಹುದು. ರುಜುವಿಲ್ಲವೆಂದು ನಿರಾಶೆ ಬೇಡ. ಸಾಂಪ್ರದಾಯಿಕ ಚಿತ್ರಗಾರರು ಸಾಮಾನ್ಯವಾಗಿ ರುಜು ಹಾಕುತ್ತಿರಲಿಲ್ಲ. ಹೊಳೆಯುವ ರುಜು ಇದ್ದರೇ ಅನುಮಾನಿಸಬೇಕು.

‘ಮುಮ್ಮಡಿಯವರ ಕಾಲದ್ದು’ ಎಂಬ ಮನೆಮಾತನ್ನು ಬಣ್ಣದಿಂದ ಪರೀಕ್ಷಿಸಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡದ್ದು 1868ರಲ್ಲಿ. ಟೈಟೇನಿಯಂ ಬಿಳಿ ಬಣ್ಣ ಮಾರುಕಟ್ಟೆಗೆ ಬಂದದ್ದು ಮೊದಲ ಮಹಾಯುದ್ಧದ ಹೊತ್ತಿಗೆ. ಚಿತ್ರದಿಂದ ಚೂರೂ ಕೀಳದೆ ಎಕ್ಸ್‌ರೇ ಫ್ಲೋರೊಸೆನ್ಸ್ ಉಪಕರಣದಿಂದ ಧಾತುಗಳನ್ನು ಗುರುತಿಸಬಹುದು. ಒಂದೇ ಕಡೆ ನೋಡಿ ತೀರ್ಮಾನಿಸಬಾರದು: ಟೈಟೇನಿಯಂ ತಿದ್ದಿದ ಜಾಗದಲ್ಲಷ್ಟೇ ಸಿಕ್ಕರೆ ಹೊಸದು ತಿದ್ದುಪಡಿ, ಚಿತ್ರವಲ್ಲ. ತಿದ್ದಿದ ಜಾಗಗಳು ನೇರಳಾತೀತ ದೀಪದಲ್ಲಿ ಸಾಮಾನ್ಯವಾಗಿ ಕಪ್ಪು ತೇಪೆಯಂತೆ ಕಾಣುತ್ತವೆ. ಅರಗಿನ ಪಾಲಿಷ್ ಕಿತ್ತಳೆಯಾಗಿ ಹೊಳೆಯುತ್ತದೆ. ಹಕ್ಕಳೆ ಕೂರಿಸುವುದು ಮಾತ್ರ ಮನೆಯ ಕೆಲಸವೂ ಅಲ್ಲ, ಕಟ್ಟಿನ ಅಂಗಡಿಯ ಕೆಲಸವೂ ಅಲ್ಲ. ಬೆಂಗಳೂರಿನಲ್ಲಿ ಕಲೆ ಮತ್ತು ಪರಂಪರೆಯ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ, ಅಲ್ಲಿ ಕೇಳಿ. ಮರಳಿ ಕಟ್ಟು ಹಾಕಿಸುವಾಗ ಗಾಜಿಗೂ ಚಿತ್ರಕ್ಕೂ ನಡುವೆ 4–5 ಮಿ.ಮೀ. ದಪ್ಪದ ಪಟ್ಟಿ ಇಡಿಸಿ, ಹಳೆಯ ಹಲಗೆಯನ್ನು ಕೇಳಿ ವಾಪಸ್ ಪಡೆಯಿರಿ.

ವಿದೇಶದಲ್ಲಿರುವ ಮಕ್ಕಳಿಗೆ ಕಳಿಸುವವರಿಗೆ ಇನ್ನೊಂದು ಮಾತು. 100 ವರ್ಷ ದಾಟಿದ ಚಿತ್ರ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ಪುರಾವಸ್ತು. ಪಿತ್ರಾರ್ಜಿತವಾದರೂ ನೋಂದಣಿ ಮಾಡಿಸಬೇಕು, ಖಾಸಗಿಯವರು ದೇಶದಾಚೆ ಒಯ್ಯುವಂತಿಲ್ಲ. ಈಚಿನದಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ‘ಪುರಾವಸ್ತುವಲ್ಲ’ ಎಂಬ ಪ್ರಮಾಣಪತ್ರವನ್ನು ಪ್ರಯಾಣಕ್ಕೆ ಸಾಕಷ್ಟು ಮೊದಲೇ ಪಡೆದುಕೊಳ್ಳಿ.

– ಚಿತ್ರ ಸಂರಕ್ಷಣೆಯ ಕೆಲಸದವರು, ಮೈಸೂರು