ಸಿನಿಮಾದವರು ಸಿನಿಮಾ ವಿಮರ್ಶೆ ಬರೆದರೆ ತಪ್ಪೇನು?

ಮಾನ್ಯ ಸಂಪಾದಕರೇ, ನಮಸ್ಕಾರ.

ಕಳೆದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಒಬ್ಬರು ಬರೆದಿದ್ದರು. ಚಿತ್ರರಂಗದಲ್ಲಿ ಸಂಬಳ ತಗೊಳ್ಳುವವರು ವಿಮರ್ಶೆ ಬರೆಯಲೇಬಾರದು, ಬರೆದರೆ ಅದು ಒಂದೋ ಬಕೆಟ್ ಹಿಡಿಯೋದಾಗುತ್ತೆ, ಇಲ್ಲಾ ಹೊಟ್ಟೆಕಿಚ್ಚಾಗುತ್ತೆ ಅಂತ. ಮೊದಲಿಗೆ ಒಂದು ಸಣ್ಣ ತಿದ್ದುಪಡಿ. ಇಲ್ಲಿ ಸಂಬಳ ಅನ್ನುವುದು ಇರುವುದು ಬಹಳ ಕಡಿಮೆ ಜನಕ್ಕೆ. ಉಳಿದ ನಮ್ಮಂಥವರಿಗೆ ಒಂದು ಅಡ್ವಾನ್ಸ್, ಆಮೇಲೆ "ರಿಲೀಸ್ ಆಗ್ಲಿ, ನೋಡೋಣ". ಅದಿರಲಿ, ಬೇರೆ ಪತ್ರಕ್ಕೆ ಇಟ್ಟುಕೊಳ್ಳುತ್ತೇನೆ.

ನಾನು ಸೌಂಡ್ ಎಡಿಟರ್. ಡಬ್ಬಿಂಗ್ ಮಾತನ್ನು ತುಟಿಗೆ ಕೂರಿಸುವುದು, ಶೂಟಿಂಗ್‌ನಲ್ಲಿ ಹಿಡಿದ ಮಾತಿನ ಹಿಂದಿನ ಜನರೇಟರ್ ಸದ್ದನ್ನು ತೆಗೆಯುವುದು, ಹೆಜ್ಜೆ, ಬಾಗಿಲು, ಬಳೆ, ಗಾಳಿ, ಮಳೆ ಎಲ್ಲವನ್ನೂ ಒಂದೊಂದಾಗಿ ತುಂಬುವುದು ನನ್ನ ಕೆಲಸ. ಪರದೆ ಮೇಲೆ ನಮ್ಮ ಹೆಸರು ಬರುವ ಹೊತ್ತಿಗೆ ಥಿಯೇಟರಿನಲ್ಲಿ ಲೈಟ್ ಹಾಕಿರುತ್ತಾರೆ, ಜನ ಪಾರ್ಕಿಂಗ್ ಚೀಟಿ ಹುಡುಕುತ್ತಿರುತ್ತಾರೆ. ಕೆಲಸ ಮುಗಿದ ಮೇಲೆ ದಿನಕ್ಕೊಂದು ಸಿನಿಮಾ ನೋಡುವುದು ನನಗೆ ಬಹಳ ವರ್ಷದ ಅಭ್ಯಾಸ. ಶುಕ್ರವಾರ ಥಿಯೇಟರ್, ಉಳಿದ ದಿನ ಮನೆಯಲ್ಲಿ. ನೋಡಿದ ರಾತ್ರಿಯೇ ನಾಲ್ಕು ಪ್ಯಾರಾ ಬರೆದು ಹಾಕುತ್ತೇನೆ. ಓದುವವರು ಕಡಿಮೆ, ಬೈಯುವವರು ಅದಕ್ಕಿಂತ ಸ್ವಲ್ಪ ಜಾಸ್ತಿ.

ದಿನಾ ಸಿನಿಮಾದಲ್ಲೇ ಇದ್ದು ಮತ್ತೆ ದಿನಾ ಸಿನಿಮಾ ನೋಡೋದಾ, ತಲೆ ಕೆಡಲ್ವಾ ಅಂತ ಮನೆಯವರೂ ಕೇಳುತ್ತಾರೆ. ಕೆಡುತ್ತೆ. ಆದರೆ ಒಂದೇ ಸಿನಿಮಾದ ಒಂದೇ ರೀಲನ್ನು ಹಗಲೆಲ್ಲಾ ಹಿಂದೆ ಮುಂದೆ ಮಾಡಿ ಕೇಳಿದವಳಿಗೆ, ಸಂಜೆ ಒಂದು ಪೂರ್ತಿ ಕಥೆ ಶುರುವಾಗಿ ಮುಗಿಯುವುದನ್ನು ನೋಡಿದರೆ ಎಷ್ಟೋ ಸಮಾಧಾನ. ಜೊತೆಗೆ ಬೇರೆಯವರು ಏನು ಮಾಡಿದ್ದಾರೆ ಅಂತ ಗೊತ್ತಾಗುತ್ತೆ. ಕಲಿಯೋದು ಹಾಗೇ ಅಲ್ವಾ?

ಈಗ ವಿಷಯಕ್ಕೆ ಬರುತ್ತೇನೆ. ಪತ್ರ ಬರೆದವರ ಲೆಕ್ಕದಲ್ಲಿ ಹೊರಗಿನಿಂದ ನೋಡುವವನೇ ಸರಿಯಾಗಿ ನೋಡುವವನು. ಅರ್ಧ ಒಪ್ಪುತ್ತೇನೆ. ಆದರೆ ಹೊರಗಿನಿಂದ ಕಾಣದ ವಿಷಯಗಳು ಎಷ್ಟಿವೆ ಅಂತ ಒಂದು ಉದಾಹರಣೆ ಹೇಳುತ್ತೇನೆ ಕೇಳಿ.

"ಹಿನ್ನೆಲೆ ಸಂಗೀತದ ಅಬ್ಬರದಲ್ಲಿ ಮಾತೇ ಕೇಳಿಸುವುದಿಲ್ಲ." ಕನ್ನಡ ಸಿನಿಮಾ ವಿಮರ್ಶೆಗಳಲ್ಲಿ ಈ ಥರದ ಸಾಲು ವಾರಕ್ಕೊಂದಾದರೂ ಇರುತ್ತೆ. ಕೆಲವು ಸಲ ಅದು ನೂರಕ್ಕೆ ನೂರು ನಿಜ, ಸಂಗೀತ ನಿರ್ದೇಶಕರಿಗೆ ಯಾರೂ ಸಾಕು ಅಂತ ಹೇಳಿರುವುದಿಲ್ಲ. ಆದರೆ ಬಹಳ ಸಲ ತಪ್ಪು ಇರುವುದು ಸಿನಿಮಾದಲ್ಲಲ್ಲ, ಪ್ರೊಜೆಕ್ಷನ್ ರೂಮಿನಲ್ಲಿ. ಅಲ್ಲಿ ಸೌಂಡ್ ಪ್ರೊಸೆಸರ್ ಮೇಲೆ ಒಂದು ಫೇಡರ್, ಅಂದರೆ ಸದ್ದು ಏರಿಸಿ ಇಳಿಸುವ ಗುಂಡಿ, ಇರುತ್ತೆ. ಅದರಲ್ಲಿ 7 ಅನ್ನುವುದು ಅಳತೆಯ ಗುರುತು. ಮಿಕ್ಸಿಂಗ್ ಸ್ಟುಡಿಯೋದಲ್ಲಿ ನಾವು ಕೇಳಿ ಒಪ್ಪಿಕೊಳ್ಳುವುದು ಆ ಅಳತೆಯಲ್ಲಿ. ಥಿಯೇಟರಿನಲ್ಲಿ ಜಾಹೀರಾತು, ಟ್ರೈಲರ್ ಕಿವಿ ಹರಿಯೋ ಹಾಗೆ ಬರುತ್ತೆ, ಪ್ರೇಕ್ಷಕರು ಬಂದು ಗಲಾಟೆ ಮಾಡುತ್ತಾರೆ, ಆಪರೇಟರ್ 5ಕ್ಕೆ ಇಳಿಸುತ್ತಾನೆ, ಆಮೇಲೆ ಸಿನಿಮಾ ಶುರುವಾದರೂ ಅದು ಅಲ್ಲೇ ಇರುತ್ತೆ. 7ರಿಂದ 5ಕ್ಕೆ ಅಂದರೆ ಸುಮಾರು 6–7 ಡೆಸಿಬಲ್ ಇಳಿತ. ಪಿಸುಮಾತು ಹೋಯಿತು. ನಟಿ ಅಳು ನುಂಗಿಕೊಂಡು ಹೇಳಿದ ಆ ಒಂದು ಮಾತೂ ಹೋಯಿತು. ಉಳಿದದ್ದು ಡೋಲು. ಇದು ಗೊತ್ತಿದ್ದೇ ಮುಂದಿನ ಸಿನಿಮಾದ ಮಿಕ್ಸಿಂಗ್‌ನಲ್ಲಿ ತಂಡದವರು ಎಲ್ಲವನ್ನೂ ಇನ್ನೂ ಜೋರು ಮಾಡಿ ಅನ್ನುತ್ತಾರೆ. ಅದನ್ನು ಕೇಳಿದ ಇನ್ನೊಬ್ಬ ಆಪರೇಟರ್ 4.5ಕ್ಕೆ ಇಳಿಸುತ್ತಾನೆ. ಈ ಜಗ್ಗಾಟಕ್ಕೆ ಕೊನೆಯೇ ಇಲ್ಲ.

"ದೃಶ್ಯಗಳು ಮಂಕಾಗಿವೆ" ಅನ್ನುವುದೂ ಹೀಗೇ. ಡಿಜಿಟಲ್ ಪ್ರೊಜೆಕ್ಷನ್ನಿಗೆ ಪರದೆ ಮೇಲೆ 14 ಫುಟ್‌ಲ್ಯಾಂಬರ್ಟ್ ಬೆಳಕು ಇರಬೇಕು ಅಂತ ಅಳತೆ ಇದೆ. ಪ್ರೊಜೆಕ್ಟರಿನೊಳಗಿನ ಕ್ಸೆನಾನ್ ಲ್ಯಾಂಪಿಗೆ ಒಂದಿಷ್ಟು ಗಂಟೆಯ ಆಯಸ್ಸು, ಅದು ದುಬಾರಿ. ಆಯಸ್ಸು ಮುಗಿದ ಮೇಲೂ ಎಳೆಯುವವರಿದ್ದಾರೆ. ಛಾಯಾಗ್ರಾಹಕರು ಡಿಐ ರೂಮಿನಲ್ಲಿ, ಅಂದರೆ ಚಿತ್ರದ ಬಣ್ಣ, ಬೆಳಕು ಹದ ಮಾಡುವ ಕಡೆ, ದಿನಗಟ್ಟಲೆ ಕೂತು ಕತ್ತಲಲ್ಲೂ ಮುಖ ಕಾಣುವ ಹಾಗೆ ಮಾಡಿರುತ್ತಾರೆ. ಹಳೇ ಲ್ಯಾಂಪಿನ ಕೆಳಗೆ ಅದೆಲ್ಲಾ ಒಂದೇ ಕಪ್ಪು. ಇವನ್ನು ದಿನಾ ನೋಡುವವರು, ಈ ಕೆಲಸವನ್ನೇ ಮಾಡುವವರು ಬರೆಯದಿದ್ದರೆ ಇನ್ಯಾರು ಬರೆಯುತ್ತಾರೆ?

ಹಾಗಂತ ಎಲ್ಲಾ ತಪ್ಪನ್ನೂ ಥಿಯೇಟರ್ ಮೇಲೆ ಹಾಕುತ್ತಿಲ್ಲ. ನಮ್ಮವರ ಸೋಮಾರಿತನಕ್ಕೂ ಕೊರತೆ ಇಲ್ಲ. ಈಚೆಗೆ ಒಂದು ಸಿನಿಮಾ ನೋಡಿದೆ, ಕಥೆ ಕಲಬುರಗಿ ಕಡೆಯ ಬಯಲಿನದ್ದು. ಬಿಸಿಲು, ಬೆಣಚುಕಲ್ಲು, ಒಣಗಿದ ತೊಗರಿ ಹೊಲ. ಚಿತ್ರ ಚೆನ್ನಾಗಿತ್ತು. ಆದರೆ ರಾತ್ರಿ ಆದ ಕೂಡಲೇ ಜೀರುಂಡೆ, ಕಪ್ಪೆ, ದೂರದಲ್ಲಿ ಹಳ್ಳ ಹರಿಯುವ ಸದ್ದು! ಯಾರೋ ಆಗುಂಬೆಯ ಮಳೆಗಾಲವನ್ನು ಲೈಬ್ರರಿಯಿಂದ ಎತ್ತಿ ಕಲಬುರಗಿಯ ಬೇಸಿಗೆಗೆ ಹಾಕಿದ್ದರು. ಇನ್ನೊಂದು ಸಿನಿಮಾದಲ್ಲಿ ಅಜ್ಜಿ ಬರಿಗಾಲಲ್ಲಿ ಸಗಣಿ ಸಾರಿಸಿದ ನೆಲದ ಮೇಲೆ ನಡೆಯುತ್ತಾರೆ, ಕೇಳಿಸುವುದು ಸಿಮೆಂಟ್ ನೆಲದ ಮೇಲೆ ಚಪ್ಪಲಿ ಸದ್ದು. ಇವನ್ನು ಬರೆದಾಗ ಅದರಲ್ಲೊಂದು ತಂಡದ ಹುಡುಗನೊಬ್ಬ ಫೋನ್ ಮಾಡಿ "ಅಕ್ಕಾ, ಮೂರು ದಿನ ಕೊಟ್ಟಿದ್ರು ಅಷ್ಟೇ, ಬುಧವಾರ ರಾತ್ರಿ ಮಿಕ್ಸ್ ಮುಗಿಸಿ ಗುರುವಾರ ಅಪ್‌ಲೋಡ್ ಮಾಡಿದ್ವಿ" ಅಂದ. ನಿಜ ಹೇಳಿದ. ಆ ಮಾತನ್ನೂ ಅವನ ಒಪ್ಪಿಗೆ ತಗೊಂಡು, ಹೆಸರು ಬಿಟ್ಟು, ವಿಮರ್ಶೆ ಕೆಳಗೆ ಸೇರಿಸಿದೆ. ಪ್ರೇಕ್ಷಕರಿಗೆ ಇದು ಗೊತ್ತಾಗಬೇಕು. ಎರಡು ವರ್ಷ ತೆಗೆದ ಸಿನಿಮಾದ ಶಬ್ದಕ್ಕೆ ಸಿಕ್ಕಿದ್ದು ಮೂರು ದಿನ ಅಂತ.

ಕೊನೇ ಗಳಿಗೆಯ ಈ ಓಟದಿಂದ ಇನ್ನೊಂದು ತಮಾಷೆಯೂ ಆಗುತ್ತೆ. ಶುಕ್ರವಾರ ಬೆಳಗಿನ ಶೋ ನೋಡಿ ವಿಮರ್ಶಕರು "ಸೆಕೆಂಡ್ ಹಾಫ್ ಎಳೆದಿದ್ದಾರೆ" ಅಂತ ಬರೆಯುತ್ತಾರೆ. ಸೋಮವಾರ ತಂಡದವರು "ಹತ್ತು ನಿಮಿಷ ಟ್ರಿಮ್ ಮಾಡಿದ್ದೇವೆ" ಅನ್ನುತ್ತಾರೆ. ಈಗ ಪತ್ರಿಕೆಯಲ್ಲಿ ಇರುವ ವಿಮರ್ಶೆಯ ಸಿನಿಮಾ ಬೇರೆ, ಥಿಯೇಟರಿನಲ್ಲಿ ಓಡುತ್ತಿರುವ ಸಿನಿಮಾ ಬೇರೆ!

ಇನ್ನು ಬಕೆಟ್ ಹಿಡಿಯುವ ಮಾತು. ಚಿತ್ರರಂಗದವರು ವಿಮರ್ಶೆ ಮಾಡಬಾರದು ಅನ್ನುವವರು ಪ್ರೀಮಿಯರ್ ಶೋ ಮುಗಿದ ಮೇಲೆ ಥಿಯೇಟರ್ ಬಾಗಿಲಲ್ಲಿ ಐದು ನಿಮಿಷ ನಿಲ್ಲಬೇಕು. ಬರುವ ಪ್ರತಿಯೊಬ್ಬರ ಬಾಯಿಗೂ ಮೈಕು. "ಹೊಸಬರು ತುಂಬಾ ಚೆನ್ನಾಗಿ ಮಾಡಿದ್ದಾರೆ, ಕ್ಲೈಮ್ಯಾಕ್ಸ್ ಅಂತೂ ಸೂಪರ್, ಫ್ಯಾಮಿಲಿ ಸಮೇತ ಬಂದು ನೋಡಿ, ಕನ್ನಡ ಸಿನಿಮಾ ಬೆಳೆಸಿ." ಇದು ವಿಮರ್ಶೆ ಅಲ್ವಾ? ಇದನ್ನೇ ಪೋಸ್ಟರ್ ಮೇಲೆ ಹಾಕುತ್ತಾರೆ. ಇದನ್ನು ಯಾರೂ ಬೇಡ ಅನ್ನುವುದಿಲ್ಲ. ಅದೇ ಜನ ಅರ್ಧ ಗಂಟೆ ಬಿಟ್ಟು ಟೀ ಅಂಗಡಿ ಮುಂದೆ ನಿಂತು ಆಡುವ ಮಾತು ಇದೆಯಲ್ಲ, ಕಥೆ ಎಲ್ಲಿ ಕೈಕೊಟ್ಟಿತು, ಯಾವ ಸೀನನ್ನು ಎಡಿಟಿಂಗ್ ಟೇಬಲ್ ಮೇಲೆ ಕಾಪಾಡಿದರು, ಯಾವ ಹಾಡು ಬೇಡವಾಗಿತ್ತು ಅನ್ನುವುದು, ಅದು ನಾನು ಕೇಳಿದ ಅತ್ಯುತ್ತಮ ವಿಮರ್ಶೆ. ಅದು ಮಾತ್ರ ಎಲ್ಲೂ ಅಚ್ಚಾಗುವುದಿಲ್ಲ.

ಯಾಕೆ ಅಂದರೆ ಭಯ. ಹೊಟ್ಟೆಕಿಚ್ಚಲ್ಲ. ಒಂದು ಸಿನಿಮಾ ಬಗ್ಗೆ, ನಾನು ಕೆಲಸ ಮಾಡಿರದ ಸಿನಿಮಾ, ತಾಯಿ ಸೆಂಟಿಮೆಂಟ್ ಒಂದು ಸಲ ಸಾಕಿತ್ತು, ಮೂರು ಸಲ ಯಾಕೆ ಅಂತ ಬರೆದಿದ್ದೆ. ಬೆಳಗ್ಗೆ ಏಳಕ್ಕೆ ನಿರ್ಮಾಪಕರ ಫೋನ್. "ಏನಮ್ಮಾ, ಇಂಡಸ್ಟ್ರಿ ಅನ್ನ ತಿಂದು ಇಂಡಸ್ಟ್ರಿಗೇ ಮಣ್ಣು ಹಾಕ್ತೀಯಾ?" ನಾನು "ಸಾರ್, ಹಾಡು ಮತ್ತೆ ಫೈಟ್ ಚೆನ್ನಾಗಿದೆ ಅಂತಾನೂ ಬರೆದಿದ್ದೀನಿ" ಅಂದೆ. ಅವರು ಅಷ್ಟು ದೂರ ಓದಿರಲಿಲ್ಲ. ಆಮೇಲೆ ಆ ಕಡೆಯಿಂದ ಕೆಲಸ ಬಂದಿಲ್ಲ. ನನಗೆ ಬೇರೆ ಕಡೆ ಕೆಲಸ ಇದೆ, ನಡೆಯುತ್ತೆ. ಈಗಷ್ಟೇ ಸೇರಿದ ಅಸಿಸ್ಟೆಂಟ್ ಹುಡುಗ ಹುಡುಗಿಯರಿಗೆ ನಡೆಯುವುದಿಲ್ಲ, ಹಾಗಾಗಿ ಅವರು ಸುಮ್ನೆ ಇರುತ್ತಾರೆ.

ಸಿನಿಮಾದವರೇ ಸಿನಿಮಾ ಬಗ್ಗೆ ಖಾರವಾಗಿ ಬರೆಯುವುದು ಹೊಸದೂ ಅಲ್ಲ. 1958ರಲ್ಲಿ ಕಾನ್ ಚಿತ್ರೋತ್ಸವದವರು ಫ್ರಾನ್ಸಿನ ಒಬ್ಬ ವಿಮರ್ಶಕನಿಗೆ ಪ್ರವೇಶವನ್ನೇ ಕೊಡಲಿಲ್ಲ, ಅಷ್ಟು ಬೈದು ಬರೆದಿದ್ದ. ಹೆಸರು ಫ್ರಾಂಸ್ವಾ ತ್ರೂಫೋ. ಮರುವರ್ಷ ಅದೇ ಉತ್ಸವದಲ್ಲಿ ಅವನಿಗೇ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ. ನಮ್ಮಲ್ಲೂ ಸತ್ಯಜಿತ್ ರಾಯ್ ತಮ್ಮ ಸಿನಿಮಾ ತೆಗೆಯುವ ಮೊದಲೇ, 1947ರಲ್ಲಿ, ಗೆಳೆಯರ ಜೊತೆ ಕಲ್ಕತ್ತಾ ಫಿಲ್ಮ್ ಸೊಸೈಟಿ ಕಟ್ಟಿದರು, ಸಿನಿಮಾ ಬಗ್ಗೆ ಬರೆದರು. ದೊಡ್ಡ ನಿರ್ದೇಶಕ ಆದ ಮೇಲೂ ನಿಲ್ಲಿಸಲಿಲ್ಲ. 1965ರಲ್ಲಿ ಮೃಣಾಲ್ ಸೇನ್ ಅವರ 'ಆಕಾಶ್ ಕುಸುಮ್' ಬಂದಾಗ ರಾಯ್, ಸೇನ್ ಮತ್ತು ಕಥೆ ಬರೆದ ಆಶಿಶ್ ಬರ್ಮನ್ ವಾರಗಟ್ಟಲೆ ಜಗಳ ಆಡಿದ್ದು ಎಲ್ಲಿ ಗೊತ್ತಾ? ಸ್ಟೇಟ್ಸ್‌ಮನ್ ಪತ್ರಿಕೆಯ ಸಂಪಾದಕರಿಗೆ ಪತ್ರ ಬರೆದು! ಇಬ್ಬರು ನಿರ್ದೇಶಕರು, ಹೆಸರು ಹಾಕಿ, ಎಲ್ಲರೂ ಓದುವ ಹಾಗೆ. ಅದಾದ ಮೇಲೂ ಇಬ್ಬರೂ ಒಳ್ಳೊಳ್ಳೆ ಸಿನಿಮಾ ತೆಗೆದರು. ಬಂಗಾಳಿ ಚಿತ್ರರಂಗಕ್ಕೆ ಮಣ್ಣು ಬೀಳಲಿಲ್ಲ.

ಈಗ ಗಾಳಿ ಉಲ್ಟಾ ಬೀಸುತ್ತಿದೆ. ಕೇರಳ ಹೈಕೋರ್ಟಿನಲ್ಲಿ ರಿವ್ಯೂ ಬಾಂಬಿಂಗ್ (ಬೇಕಂತಲೇ ಕೆಟ್ಟ ವಿಮರ್ಶೆಗಳ ಸುರಿಮಳೆ) ಕೇಸು ನಡೆದಾಗ ಅಮಿಕಸ್ ಕ್ಯೂರಿ, ಅಂದರೆ ಕೋರ್ಟಿಗೆ ಸಲಹೆ ಕೊಡಲು ನೇಮಿಸಿದ ವಕೀಲರ, ವರದಿ 2024ರಲ್ಲಿ ಬಂತು, ರಿಲೀಸ್ ಆದ 48 ಗಂಟೆ ವ್ಲಾಗರ್‌ಗಳು ವಿಮರ್ಶೆ ಹಾಕದಿರಲಿ ಅಂತ. ಅದೇ ವರ್ಷ ತಮಿಳು ನಿರ್ಮಾಪಕರ ಸಂಘ ಮೂರು ದಿನ ತಡೆ ಕೇಳಿ ಮದ್ರಾಸ್ ಹೈಕೋರ್ಟಿಗೆ ಹೋಯಿತು, ಕೋರ್ಟ್ ಮಧ್ಯಂತರ ತಡೆ ಕೊಡಲಿಲ್ಲ. ನಮ್ಮ ಬೆಂಗಳೂರಿನಲ್ಲೂ ಕೋರ್ಟ್ ಆದೇಶ ತಂದು ಟಿಕೆಟ್ ಆ್ಯಪಿನಲ್ಲಿ ಕೆಲವು ಸಿನಿಮಾಗಳ ರೇಟಿಂಗ್ ನಿಲ್ಲಿಸಿದ್ದಾರೆ. ದುಡ್ಡು ಕೇಳಿ ಸಿಗದಿದ್ದಾಗ ಒಂದು ಸ್ಟಾರ್ ಕೊಡುವ ದಂಧೆ ಇದೆ ಅನ್ನುವ ನಿರ್ಮಾಪಕರ ಸಿಟ್ಟು ನನಗೆ ಅರ್ಥವಾಗುತ್ತೆ. ಆದರೆ ಬಾಯಿ ಮುಚ್ಚಿಸಿದರೆ ಮೊದಲು ಮುಚ್ಚುವುದು ಪ್ರಾಮಾಣಿಕರ ಬಾಯಿ. ದಂಧೆಯವನು ಇನ್ನೊಂದು ಅಕೌಂಟ್ ತೆರೆಯುತ್ತಾನೆ.

ಒಂದು ಮಾತನ್ನು ಮಾತ್ರ ಆ ಓದುಗರ ಮುಂದೆ ಒಪ್ಪಿಕೊಳ್ಳಲೇಬೇಕು. ದಿನಾ ನೋಡುವವರ ಕಣ್ಣಿಗೆ ಒಂದು ರೋಗ ಬರುತ್ತೆ, ಅವರು ಪತ್ರಕರ್ತರಿರಲಿ, ನಮ್ಮಂಥವರಿರಲಿ. ಬೇರೆ ಥರ ಇದ್ದರೆ ಸಾಕು, ಅರ್ಧ ಮಾರ್ಕ್ ಜಾಸ್ತಿ. ಮಾಮೂಲಿ ಕಥೆಯನ್ನು ಅಚ್ಚುಕಟ್ಟಾಗಿ ಹೇಳಿದ್ದರೆ "ಹೊಸತೇನಿಲ್ಲ" ಅಂತ ಒಂದು ಸಾಲು. ನನ್ನಮ್ಮ ಎರಡು ತಿಂಗಳಿಗೊಂದು ಸಿನಿಮಾ ನೋಡುವವರು. ಮೊನ್ನೆ ಒಂದು ಹಳೇ ಮಾದರಿಯ ಕಾಮಿಡಿಗೆ, ಎಲ್ಲರಿಗೂ ಮೊದಲೇ ಗೊತ್ತಾಗುವ ಆ ಪಂಚಿಗೆ, ಪಕ್ಕದಲ್ಲಿ ಕೂತು ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕರು. ಆ ನಗು ಬರಿಸುವುದಕ್ಕೆ ಎಡಿಟರ್ ಎಷ್ಟು ಫ್ರೇಮ್ ಕಾಯ್ದುಕೊಂಡು ಕಟ್ ಮಾಡಿದ್ದರು ಅನ್ನುವುದು ನನಗೆ ಕಾಣಿಸಿತು, ಸೆಕೆಂಡಿಗೆ 24ರಲ್ಲಿ ನಾಲ್ಕು ಆಚೀಚೆ ಆದರೂ ನಗು ಸತ್ತುಹೋಗುತ್ತಿತ್ತು. ಒಳಗಿನವರು ಬರೆದರೆ ಮಾಮೂಲಿ ಸಿನಿಮಾದೊಳಗಿನ ಈ ಕಸುಬಿಗೂ ಮರ್ಯಾದೆ ಸಿಗುತ್ತೆ.

ಹಾಗಾಗಿ ಸಂಪಾದಕರೇ, ನನ್ನ ಕೇಳಿಕೆ ಇಷ್ಟೇ. ಬೇಲಿ ಬೇಡ, ಬೋರ್ಡ್ ಹಾಕಿಸಿ. ಬರೆಯುವವರು ಯಾರು, ಚಿತ್ರರಂಗದಲ್ಲಿ ಏನು ಕೆಲಸ, ಈ ಸಿನಿಮಾದವರ ಜೊತೆ ಹಿಂದೆ ಕೆಲಸ ಮಾಡಿದ್ದಾರಾ, ಬಾಕಿ ದುಡ್ಡು ಏನಾದರೂ ಇದೆಯಾ ಅಂತ ಎರಡು ಸಾಲು ಕೆಳಗೆ ಇರಲಿ. ನಾನು ಕೆಲಸ ಮಾಡಿದ ಸಿನಿಮಾ ಬಗ್ಗೆ ನಾನು ಬರೆಯುವುದಿಲ್ಲ. ದುಡ್ಡು ಬಾಕಿ ಇಟ್ಟವರ ಸಿನಿಮಾ ಬಗ್ಗೆಯೂ ಬರೆಯುವುದಿಲ್ಲ, ಅದರಿಂದ ಪಟ್ಟಿ ಸ್ವಲ್ಪ ಚಿಕ್ಕದಾಗುತ್ತೆ ಅನ್ನುವುದು ಬೇರೆ ಮಾತು. ನಿಮ್ಮ ಪತ್ರಿಕೆಯ ವಿಮರ್ಶಕರೂ ಯಾವ ಥಿಯೇಟರ್, ಯಾವ ಶೋ ನೋಡಿದರು ಅಂತ ಹಾಕಲಿ. ಸ್ಟಾರ್ ಬೇಕಿದ್ದರೆ ಕೊಡಲಿ, ಆದರೆ "ತಾಂತ್ರಿಕವಾಗಿ ಚಿತ್ರ ಓಕೆ" ಅಂತ ಎಂಟು ಜನರ ಕೆಲಸವನ್ನು ಒಂದೇ ಸಾಲಿನಲ್ಲಿ ಮುಗಿಸುವುದನ್ನು ಬಿಡಲಿ. ಕಲಾ ನಿರ್ದೇಶಕರ ಹೆಸರು, ಸಂಕಲನಕಾರರ ಹೆಸರು ಬರೆಯಲು ಎಷ್ಟು ಜಾಗ ಬೇಕು ಹೇಳಿ?

ವರ್ಷಕ್ಕೆ ಇನ್ನೂರಕ್ಕೂ ಜಾಸ್ತಿ ಕನ್ನಡ ಸಿನಿಮಾ ಬರುತ್ತಿವೆ. ಒಂದೇ ಶುಕ್ರವಾರ ಏಳೆಂಟು ಬಂದಾಗ ನಿಮ್ಮಲ್ಲಿರುವ ಒಬ್ಬರೋ ಇಬ್ಬರೋ ವಿಮರ್ಶಕರು ಎಲ್ಲವನ್ನೂ ನೋಡುವುದು ಸಾಧ್ಯವೇ ಇಲ್ಲ. ಹೊಸಬರ ಸಿನಿಮಾ ಒಂದು ಸಾಲು ಕೂಡ ಬರದೆ ಎತ್ತಂಗಡಿ ಆಗುತ್ತೆ. ಹೇಗೂ ನಾವು ಕೆಲವರು ದಿನಾ ನೋಡುತ್ತಿದ್ದೇವೆ. ವಾರಕ್ಕೊಮ್ಮೆ ಅರ್ಧ ಕಾಲಂ ಕೊಟ್ಟು ನೋಡಿ, ಒಂದು ವಾರ ಎಡಿಟರ್, ಒಂದು ವಾರ ಲೈಟ್‌ಮ್ಯಾನ್, ಒಂದು ವಾರ ಪ್ರೊಜೆಕ್ಷನ್ ಆಪರೇಟರ್. ಫೇಡರ್ 5ಕ್ಕೆ ಯಾಕೆ ಇಳಿಸಿದ ಅಂತ ಅವನ ಕಡೆಯ ಮಾತೂ ಕೇಳೋಣ. ಸಂಭಾವನೆ ಬೇಡ ಅಂತ ಮಾತ್ರ ನಾನು ಹೇಳುವುದಿಲ್ಲ, ಅಡ್ವಾನ್ಸ್ ಇಲ್ಲದಿದ್ದರೂ ನಡೆಯುತ್ತೆ.

ಇಂತಿ,
ಒಬ್ಬ ಸೌಂಡ್ ಎಡಿಟರ್, ರಾಜಾಜಿನಗರ, ಬೆಂಗಳೂರು
(ಹೆಸರು, ವಿಳಾಸ ನಿಮ್ಮ ಕಚೇರಿಗೆ ಬೇರೆಯಾಗಿ ಕಳಿಸಿದ್ದೇನೆ. ಪತ್ರ ಅಚ್ಚಾಗುವುದಾದರೆ ಹೆಸರನ್ನೂ ಹಾಕಿ, ನನ್ನದೇನೂ ಅಭ್ಯಂತರವಿಲ್ಲ.)